ಅರ್ಧ ಹಾಳೆ ಚೀಟಿ

1/4
ಇಂಟರ್ನಲ್ಸ್ ದಿನ ಎಲ್ಲಿ ಹಾಳಾಗಿ ಹೋಗಿದ್ದೆ ಅಂತ ಕೇಳಿದವರಿಗೆಲ್ಲ ಉತ್ತರ ಈ ಫೋಟೋದಲ್ಲಿದೆ. ನೋಟ್‌ಬುಕ್ಕಿಂದ ಹರಿದ ಅರ್ಧ ಹಾಳೆ. ನಮ್ಮ ಗುಂಡನ ರೆಫರಲ್ ಚೀಟಿ.

ಗುಂಡನಿಗೆ 4 ವರ್ಷ. ಗಂಡು ಬೆಕ್ಕು, ಆಪರೇಷನ್ ಆಗಿದೆ. ಮನೆ ಬಿಟ್ಟು ಕದಲಲ್ಲ, ತಿನ್ನೋದು ಬರೀ ಪ್ಯಾಕೆಟ್ ಕಾಳು, ನೀರು ಕುಡಿಯೋದು ಲೆಕ್ಕಕ್ಕಿಲ್ಲ. ಆ ಮಂಗಳವಾರ ಸಂಜೆಯಿಂದ ಮರಳಿನ ಟ್ರೇಗೆ ಹೋಗೋದು, ಕೂತು ತಿಣುಕೋದು, ಏನೂ ಆಗದೆ ಎದ್ದು ಬರೋದು. ಹತ್ತು ನಿಮಿಷಕ್ಕೆ ಮತ್ತೆ ಅದೇ. "ಹೊಟ್ಟೆ ಕಟ್ಟಿರ್ಬೇಕು, ಸ್ವಲ್ಪ ತುಪ್ಪ ನೆಕ್ಸು" ಅಂದ್ರು ಅಮ್ಮ. ನೆಕ್ಸಿ ಮಲಗಿದೆ. ಓದೋದಿತ್ತಲ್ಲ.

ಬೆಳಿಗ್ಗೆ ನೋಡಿದ್ರೆ ವಾಂತಿ ಮಾಡಿಕೊಂಡು ಮಂಚದ ಕೆಳಗೆ ಸೇರಿದ್ದ. ಎತ್ತಿಕೊಂಡರೆ ಒಂಥರಾ ಕೂಗು. ಆ ಕೂಗು ನಾನು ಅವತ್ತಿನವರೆಗೂ ಕೇಳಿರ್ಲಿಲ್ಲ.

2/4
ಸಾಗರದ ಹತ್ತಿರ ನಮ್ಮೂರು. ಇರೋರು ದನದ ಡಾಕ್ಟ್ರು ಒಬ್ಬರೇ. ನಾವು ಹೋದಾಗ ಒಂದು ಕರುವಿಗೆ ಇಂಜೆಕ್ಷನ್ ಕೊಡ್ತಿದ್ರು. ಕೈ ತೊಳ್ಕೊಂಡು ಬಂದು ಗುಂಡನ ಹೊಟ್ಟೆ ಮೆಲ್ಲಗೆ ಮುಟ್ಟಿದ್ರು. ಮುಖ ಬದಲಾಯ್ತು.

"ಯಾವಾಗ ಉಚ್ಚೆ ಹೊಯ್ದಿದ್ದು ನೋಡಿದೆ?"

ನನಗೆ ಗೊತ್ತಿಲ್ಲ. ಟ್ರೇ ಕ್ಲೀನ್ ಮಾಡೋದು ನಾನೇ, ಆದ್ರೂ ಗೊತ್ತಿಲ್ಲ.

"ಇದು ಮಲಬದ್ಧತೆ ಅಲ್ಲಮ್ಮ. ಉಚ್ಚೆ ದಾರಿ ಕಟ್ಟಿದೆ, ಮೂತ್ರಕೋಶ ಕಲ್ಲಾಗಿದೆ. ಜೋರಾಗಿ ಒತ್ತಿದ್ರೆ ಒಡೆದೇ ಹೋಗಬಹುದು. ಬೆಕ್ಕಿಗೆ ಹಾಕೋ ಸಣ್ಣ ಟ್ಯೂಬ್ ನನ್ನ ಹತ್ರ ಇಲ್ಲ, ರಕ್ತ ಪರೀಕ್ಷೆನೂ ಇಲ್ಲಿಲ್ಲ. ಈಗಲೇ ಶಿವಮೊಗ್ಗಕ್ಕೆ ಹೊರಡಿ. ಸಂಜೆವರೆಗೆ ಕಾಯಬೇಡಿ."

ನಿಜ ಹೇಳ್ತೀನಿ, ಅವರ ಮೇಲೆ ಸಿಟ್ಟು ಬಂತು. ಬೆಕ್ಕು ಅಂದ್ರೆ ಇವರಿಗೆ ಏನೂ ಗೊತ್ತಿಲ್ಲ, ಅದಕ್ಕೇ ಸಾಗಹಾಕ್ತಿದಾರೆ ಅನ್ನಿಸ್ತು. ಅಮ್ಮನ ಪ್ರಶ್ನೆ ಬೇರೆ: "ಬೆಕ್ಕಿಗೆ ಕಾರ್ ಮಾಡ್ಕೊಂಡು ಶಿವಮೊಗ್ಗನಾ?" ಅಷ್ಟರಲ್ಲಿ ಡಾಕ್ಟ್ರು ನೋವಿನ ಇಂಜೆಕ್ಷನ್ ಕೊಟ್ಟು ಈ ಚೀಟಿ ಬರೆದ್ರು. ವಯಸ್ಸು, ತೂಕ, ಯಾವಾಗಿಂದ ತಿಣುಕ್ತಿದೆ, ಎಷ್ಟು ಸಲ ವಾಂತಿ, ಕೊಟ್ಟ ಔಷಧಿ, ಎಷ್ಟು ಎಂಎಲ್, ಎಷ್ಟು ಗಂಟೆಗೆ. ಅಲ್ಲಿಗೆ ಫೋನೂ ಮಾಡಿದ್ರು.

ಅಮ್ಮ ಗುಂಡನ ಮುಖ ನೋಡಿದ್ರು. ಆಮೇಲೆ ಪಕ್ಕದ್ಮನೆ ಅಣ್ಣನ ಕಾರ್ ಕೇಳಿದ್ದೂ ಅವರೇ.

3/4
ಆನಂದಪುರ, ಆಯನೂರು ದಾಟೋವರೆಗೂ ಗುಂಡ ಕೂಗ್ತಿದ್ದ. ಆಮೇಲೆ ಸುಮ್ಮನಾದ. ಕೂಗಿಗಿಂತ ಅದೇ ಹೆದರಿಕೆ ಆಯ್ತು.

ಅಲ್ಲಿ ಚೀಟಿ ಕೊಟ್ಟ ಕೂಡಲೇ ಟೇಬಲ್ ಮೇಲೆ ತಗೊಂಡ್ರು. ಮೊದಲು ಮುಟ್ಟಿದ್ದು ಹೊಟ್ಟೆನಲ್ಲ, ಎದೆ. ಉಚ್ಚೆ ಹೊರಗೆ ಹೋಗದಿದ್ರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತೆ, ಅದು ಹೃದಯದ ಬಡಿತವನ್ನೇ ನಿಧಾನ ಮಾಡುತ್ತೆ, ನಿಲ್ಲಿಸಲೂಬಹುದು. ಗುಂಡನ ಪೊಟ್ಯಾಸಿಯಂ 8 ದಾಟಿತ್ತು. ಇರಬೇಕಾದ್ದು ಐದರ ಆಸುಪಾಸು. ಇಸಿಜಿ ಹಾಕಿದ್ರು, ಹೃದಯ ಕಾಯೋಕೆ ಕ್ಯಾಲ್ಸಿಯಂ, ಜೊತೆಗೆ ಡ್ರಿಪ್. ಬಡಿತ ಸ್ವಲ್ಪ ಸರಿಹೋದ ಮೇಲೇ ಮಂಪರು ಕೊಟ್ಟು ಸಣ್ಣ ಕ್ಯಾಥೆಟರ್ ಹಾಕಿದ್ದು. ಬಂದಿದ್ದು ಕೆಂಪು ಉಚ್ಚೆ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

"ಏನು ಔಷಧಿ ಕೊಟ್ಟಿದಾರೆ ಅಂತ ಬರೆದು ಕಳಿಸಿದ್ದು ಒಳ್ಳೇದಾಯ್ತು. ಅದರ ಮೇಲೇ ನಾವು ಮಂಪರಿನ ಡೋಸ್ ಲೆಕ್ಕ ಹಾಕಿದ್ದು" ಅಂದ್ರು ಅಲ್ಲಿನ ಮೇಡಂ.

4/4
ಮೂರು ದಿನ ಅಲ್ಲೇ ಇಟ್ಕೊಂಡ್ರು. ಈಗ ಒಣ ಕಾಳು ಕಮ್ಮಿ, ಹಸಿ ಆಹಾರ ಜಾಸ್ತಿ, ಮನೇಲಿ ನಾಲ್ಕು ಕಡೆ ನೀರಿನ ಬಟ್ಟಲು. ಮತ್ತೆ ಕಟ್ಟಬಹುದು, ಪದೇ ಪದೇ ಆದ್ರೆ ದಾರಿ ಅಗಲ ಮಾಡೋ ಆಪರೇಷನ್ ಇದೆ ಅಂತ ಹೇಳಿದಾರೆ. ದಿನಾ ಟ್ರೇಯಲ್ಲಿ ಎಷ್ಟು ಉಂಡೆ ಇದೆ ಅಂತ ಎಣಿಸ್ತೀನಿ. ನಗಬೇಡಿ.

ಗಂಡು ಬೆಕ್ಕು ಸಾಕಿರೋರು ಇಷ್ಟು ನೆನಪಿಡಿ: ಪದೇ ಪದೇ ತಿಣುಕಿ ಉಚ್ಚೆ ಬರದಿದ್ರೆ ಅದು ಎಮರ್ಜೆನ್ಸಿ. ಒಂದೆರಡು ದಿನದಲ್ಲಿ ಜೀವ ಹೋಗಬಹುದು. ನಮ್ಮ ಪ್ಯಾರಸಿಟಮಾಲ್ ಯಾವತ್ತೂ ಕೊಡಬೇಡಿ, ಬೆಕ್ಕಿಗೆ ಅದು ವಿಷ. ಹೋಗುವಾಗ ಹಳೇ ಚೀಟಿಗಳನ್ನೆಲ್ಲ ಹಿಡ್ಕೊಂಡು ಹೋಗಿ.

ಮೊನ್ನೆ ಡಿಸ್ಚಾರ್ಜ್ ಪೇಪರ್ ಹಿಡ್ಕೊಂಡು ನಮ್ಮೂರ ಡಾಕ್ಟ್ರ ಹತ್ರ ಹೋಗಿದ್ದೆ. ಸಾರಿ ಕೇಳಬೇಕಂತ ಇತ್ತು, ಬಾಯಿಗೆ ಬರ್ಲಿಲ್ಲ. ಅವರು ಕನ್ನಡಕ ಏರಿಸಿ ಪೂರ್ತಿ ಓದಿದ್ರು. ಪೊಟ್ಯಾಸಿಯಂ ಇದ್ದ ಸಾಲು ಎರಡು ಸಲ ಓದಿದ್ರು.

"ಇದರದ್ದೊಂದು ಜೆರಾಕ್ಸ್ ಕೊಡ್ತೀಯಾ? ಮುಂದಿನ ಸಲ ಯಾರಾದ್ರೂ ಬಂದ್ರೆ ಬೇಕಾಗುತ್ತೆ."

ಕೊಟ್ಟು ಬಂದೆ. ಮರುಪರೀಕ್ಷೆ ಸೋಮವಾರ, ನೋಟ್ಸ್ ಇರೋರು ಕಳಿಸ್ರೋ. ನನ್ನದರ ಮೇಲೆ ಗುಂಡ ಮಲಗಿದಾನೆ.

#ಗುಂಡನಕಥೆ #ಬೆಕ್ಕುಸಾಕಿದವರು #ದನದಡಾಕ್ಟ್ರು