ಹೊರೆಯೊಳಗಿನ ಉಣುಗು

ಸಾಗರದ ಕಡೆಯ ನಮ್ಮೂರಲ್ಲಿ ಚಳಿ ಹಿಂಜರಿದರೆ ಬೆಟ್ಟದಿಂದ ದರಕು ತರುವ ಕೆಲಸ ಶುರುವಾಗುತ್ತದೆ. ಒಣಗಿ ಉದುರಿದ ಎಲೆಯನ್ನು ಗುಡಿಸಿ, ಹೊರೆ ಕಟ್ಟಿ, ಕೊಟ್ಟಿಗೆಗೆ ಹಾಸಲು ತರುವುದು. ಅಪ್ಪಯ್ಯ ಹೊರೆ ಇಳಿಸಿದವರು ಸೀದಾ ಒಳಗೆ ಬರುವುದಿಲ್ಲ. ಅಂಗಳದಲ್ಲೇ ನಿಂತು ಪಂಚೆ ಕೊಡವಿ, ಮೊಣಕಾಲ ಹಿಂದೆ, ಕಂಕುಳಲ್ಲಿ ಬೆರಳಾಡಿಸಿ, ಬಚ್ಚಲಲ್ಲಿ ಬಿಸಿನೀರು ಹೊಯ್ದುಕೊಂಡ ಮೇಲೆಯೇ ಹೊಸ್ತಿಲು ದಾಟುವುದು. ಉಣುಗಿನ ಮರಿ ಸಾಸಿವೆಗಿಂತ ಸಣ್ಣದು. ಅದು ತಾನಾಗಿ ಮನೆ ಹುಡುಕಿಕೊಂಡು ಬರುವುದಿಲ್ಲ, ನಾವು ತಂದ ಹೊರೆಯಲ್ಲಿ ಕೂತು ಬರುತ್ತದೆ.

ಇದನ್ನು ನೋಡುತ್ತಲೇ ಬೆಳೆದ ನಾನು ಸಮುದಾಯ ವೈದ್ಯಶಾಸ್ತ್ರದಲ್ಲಿ ಎಂಡಿ ಮಾಡುವಾಗ ಥೀಸಿಸ್‌ಗೆ ಉಣುಗಿನಿಂದ ಹರಡುವ ಮಂಗನ ಕಾಯಿಲೆಯನ್ನೇ ಆರಿಸಿಕೊಂಡೆ. ಈ ಕಾಯಿಲೆಯ ಬಗ್ಗೆ ಇದುವರೆಗೆ ಬಂದ ಅಧ್ಯಯನಗಳನ್ನು ಹುಡುಕಿ, ಜರಡಿ ಹಿಡಿದು, ಒಟ್ಟಾರೆ ಏನು ಗೊತ್ತಾಗಿದೆ ಎಂದು ಹೇಳುವ ಕೆಲಸ. ಹಳ್ಳಿ ಸುತ್ತುವುದು ಆಮೇಲೆ, ಮೊದಲು ಕಂಪ್ಯೂಟರ್ ಮುಂದೆ ಕೂರಬೇಕು. ಕೂತೆ. ಅಲ್ಲಿ ಮಾಡಿದ್ದನ್ನು ಈವರೆಗೆ ಪೂರ್ತಿಯಾಗಿ ಯಾರಿಗೂ ಹೇಳಿರಲಿಲ್ಲ.

ವೈದ್ಯಕೀಯ ಲೇಖನಗಳ ಡೇಟಾಬೇಸಾದ ಪಬ್‌ಮೆಡ್‌ನಲ್ಲಿ ಹುಡುಕಿ, ಸಿಕ್ಕ ದಾಖಲೆಗಳನ್ನೆಲ್ಲ ಒಂದು ಫೈಲಾಗಿ ಇಳಿಸಿಕೊಂಡು, ಝೊಟೆರೊ ಎಂಬ ತಂತ್ರಾಂಶಕ್ಕೆ ಸುರಿಯಬಹುದು. 2006ರಲ್ಲಿ ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸಕಾರರ ಕೇಂದ್ರವೊಂದು ಹೊರತಂದ ತಂತ್ರಾಂಶ ಅದು, ದುಡ್ಡು ಕೊಡಬೇಕಿಲ್ಲ. ಸ್ಕೋಪಸ್ ಎಂಬ ಇನ್ನೊಂದು ಡೇಟಾಬೇಸಿನಿಂದ ಆರ್‌ಐಎಸ್ ಫೈಲು, ಪಬ್‌ಮೆಡ್‌ನಿಂದ ಎನ್‌ಬಿಐಬಿ ಫೈಲು, ಯಾವುದಾದರೂ ಆಗುತ್ತದೆ. ಇಂಪೋರ್ಟ್ ಒತ್ತಿದರೆ ಪಟ್ಟಿ ಸರಸರನೆ ತುಂಬುತ್ತದೆ. ಆ ಹೊತ್ತಿನ ಹಿಗ್ಗನ್ನು ಸುಳ್ಳು ಹೇಳದೆ ಒಪ್ಪಿಕೊಳ್ಳಬೇಕು. ಒಂದು ಸಾಲನ್ನೂ ಓದದೆ, ಓದಿ ಮುಗಿಸಿದಷ್ಟು ತೃಪ್ತಿ. ಆ ರಾತ್ರಿ ಮನೆಗೆ ಫೋನ್ ಮಾಡಿದಾಗ ಅಪ್ಪಯ್ಯ, "ಎಷ್ಟು ಓದಿದ್ಯೇ?" ಎಂದು ಕೇಳಿದರು. "ಎರಡು ಸಾವಿರ ಚಿಲ್ಲರೆ ಪೇಪರ್ ಆಯ್ತು" ಅಂದೆ. ಆಯ್ತು ಅಂದೆನೇ ಹೊರತು ಓದಿದೆ ಅನ್ನಲಿಲ್ಲ. ಅಷ್ಟು ಜಾಣತನ ಇತ್ತು.

ಅಷ್ಟು ಸಿಕ್ಕಿದ್ದು ಹೇಗೆ ಎಂದು ಆಗಲೇ ಕೇಳಿಕೊಳ್ಳಬೇಕಿತ್ತು. ಮಂಗನ ಕಾಯಿಲೆಗೆ ಇಂಗ್ಲಿಷ್‌ನಲ್ಲಿ ಕ್ಯಾಸನೂರು ಫಾರೆಸ್ಟ್ ಡಿಸೀಸ್ ಎಂದು ಹೆಸರು, ಚುಟುಕಾಗಿ ಕೆಎಫ್‌ಡಿ. ಹುಡುಕುವಾಗ ಕೆಎಫ್‌ಡಿ ಅಂತಲೂ ಹಾಕಿದ್ದೆ. ಕಿಕುಚಿ–ಫುಜಿಮೊಟೊ ಡಿಸೀಸ್ ಎಂಬ ಇನ್ನೊಂದು ರೋಗವಿದೆ, ದುಗ್ಧಗ್ರಂಥಿ ಊದಿಕೊಳ್ಳುವಂಥದ್ದು, ಜಪಾನಿನ ಇಬ್ಬರು 1972ರಲ್ಲಿ ಬೇರೆಬೇರೆಯಾಗಿ ವಿವರಿಸಿದ್ದು. ಅದರ ಚುಟುಕು ಹೆಸರೂ ಕೆಎಫ್‌ಡಿಯೇ. ಮಂಕಿ ಫೀವರ್ ಎಂಬ ಎರಡು ಪದಗಳನ್ನು ಉದ್ಧರಣ ಚಿಹ್ನೆಯಿಲ್ಲದೆ ಹಾಕಿದ್ದರಿಂದ ಮಂಗವೂ ಜ್ವರವೂ ಎಲ್ಲಾದರೂ ಒಂದೇ ದಾಖಲೆಯಲ್ಲಿ ಕಂಡರೆ ಸಾಕು, ಅದೂ ಬಂದು ಬಿದ್ದಿತ್ತು. ಹಳದಿ ಜ್ವರ ಬಂದಿತ್ತು, ಎಬೋಲಾ ಬಂದಿತ್ತು. ಗುಡಿಸಿದ್ದು ನಾನು, ಯಾವ ಮರದ ಎಲೆ ಎಂದು ನೋಡಿದವಳಲ್ಲ.

ಕಸ ಬಂದರೆ ಆರಿಸಿ ಎಸೆಯಬಹುದು. ನನ್ನ ತಪ್ಪು ಆರಿಸುವಾಗ ಆಯಿತು.

ಒಂದೇ ಲೇಖನ ಎರಡು ಮೂರು ಕಡೆಯಿಂದ ಬಂದಿರುತ್ತದಲ್ಲ, ಝೊಟೆರೊ ಅವನ್ನು ಜೋಡಿ ಮಾಡಿ ತೋರಿಸುತ್ತದೆ. ಶೀರ್ಷಿಕೆ, ಡಿಒಐ ಎಂಬ ಗುರುತುಸಂಖ್ಯೆ, ವರ್ಷ, ಲೇಖಕರ ಹೆಸರು ಹೋಲಿಸಿ ಇವೆರಡೂ ಒಂದೇ ಇರಬಹುದು ಅನ್ನುತ್ತದೆ. 'ಇರಬಹುದು' ಅನ್ನುವುದು ಅದರ ಕೆಲಸ, 'ಹೌದು' ಅನ್ನಬೇಕಾದ್ದು ನಾವು. ಹಳೆಯ ಲೇಖನಗಳ ದಾಖಲೆಗಳಲ್ಲಿ ಡಿಒಐ ಇಲ್ಲದ್ದೇ ಹೆಚ್ಚು, ಹಾಗಾಗಿ ಕೆಲವು ಜೋಡಿಗಳು ಅದರ ಕಣ್ಣಿಗೂ ಬಿದ್ದಿರಲಿಲ್ಲ. ನಾನು ಅವನ್ನು ಕೈಯಾರೆ ಹುಡುಕಿ ಕೂಡಿಸತೊಡಗಿದೆ. ಐವತ್ತರ ದಶಕದ ಕೊನೆಯಲ್ಲಿ ಈ ಕಾಯಿಲೆಯ ಮೇಲೆ ಬಂದ ಲೇಖನಗಳಲ್ಲಿ ಒಂದು ಸರಣಿಯೇ ಇದೆ. ಎಲ್ಲದರ ಶೀರ್ಷಿಕೆಯೂ ಕಾಯಿಲೆಯ ಹೆಸರಿನಿಂದಲೇ ಶುರು, ಆಮೇಲೊಂದು ರೋಮನ್ ಅಂಕಿ, ಅದಾದ ಮೇಲೆ ಒಳವಿಷಯ. ಪರದೆಯ ಕಿರಿದಾದ ಕಾಲಂನಲ್ಲಿ ಕಂಡದ್ದು ಮೊದಲ ಅರ್ಧ ಮಾತ್ರ. ಬೇರೆಬೇರೆ ಲೇಖನಗಳನ್ನು ಒಂದೇ ಎಂದು ಮರ್ಜ್ ಮಾಡಿದೆ. ರಾತ್ರಿ ಒಂದು ಗಂಟೆ ಆಗಿತ್ತು ಅನ್ನುವುದು ಕಾರಣವಲ್ಲ. ಬೆಳಿಗ್ಗೆಯೂ ನಾನು ತೆರೆದು ನೋಡಲಿಲ್ಲ.

ಆಮೇಲೆ ಹೆಸರುಗಳನ್ನು ತಿದ್ದಲು ಕೂತೆ. ನಮ್ಮ ದಕ್ಷಿಣದವರ ಹೆಸರು ಈ ಫೈಲುಗಳಲ್ಲಿ ಪಡುವ ಪಾಡು ನನಗೆ ಗೊತ್ತಿತ್ತು. ಇನಿಷಿಯಲ್ಲೇ ಮನೆತನದ ಹೆಸರಾಗಿ ಮುಂದೆ ಬಂದು ಕೂರುತ್ತದೆ, ಅಪ್ಪನ ಹೆಸರಿನಲ್ಲಿ ಮಗಳು ಕಾಣಿಸಿಕೊಳ್ಳುತ್ತಾಳೆ. ನನ್ನದೇ ಒಂದು ಪುಟ್ಟ ಲೇಖನ ಅಪ್ಪಯ್ಯನ ಹೆಸರಿನಡಿ ದಾಖಲಾದಾಗ ಹಾಸ್ಟೆಲ್ ತುಂಬ ಗೊಣಗಿದ್ದೆ. ಹಾಗಾಗಿ ತಿದ್ದುವ ಹುರುಪು ಜಾಸ್ತಿಯೇ ಇತ್ತು. ಪಟ್ಟಿ ಇಳಿಯುತ್ತ ಬಂದಾಗ ಲೇಖಕರ ಖಾನೆಯಲ್ಲಿ 'ವರ್ಕ್' ಎಂಬ ಪದ ಸಿಕ್ಕಿತು. ವರ್ಕ್ ಅಂದರೆ ಕೆಲಸ. ಇದು ಯಾರ ಹೆಸರೂ ಅಲ್ಲ, ಇಂಪೋರ್ಟ್ ಆಗುವಾಗ ಬೇರೆ ಖಾನೆಯಿಂದ ಜಾರಿ ಬಂದಿದೆ ಎಂದುಕೊಂಡೆ. ಅಳಿಸಿದೆ. ಎರಡನೆಯವರಾಗಿದ್ದ ಟ್ರ್ಯಾಪಿಡೊ ಮೊದಲನೆಯವರಾದರು. ಪಟ್ಟಿ ಚೊಕ್ಕಟವಾಗಿ ಕಂಡಿತು.

ವೈವಾದ ದಿನ ಹೊರಗಿನಿಂದ ಬಂದ ಹಿರಿಯ ಪರೀಕ್ಷಕರು ರೆಫರೆನ್ಸ್ ಪುಟ ತಿರುವಿ ಹಾಕುತ್ತ, ದನಿ ಏರಿಸದೆ ಕೇಳಿದರು: "ಟೆಲ್ಫರ್ಡ್ ವರ್ಕ್ ಎಲ್ಲಿ ಹೋದ್ರಮ್ಮ?"

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬೀಳುತ್ತಿದ್ದಾಗ, ಸುತ್ತಲಿನ ಊರುಗಳಲ್ಲಿ ಜನ ಜ್ವರದಿಂದ ಮಲಗಿದ್ದಾಗ, ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇನೋ ಎಂಬ ಭಯ ಹುಟ್ಟಿತ್ತು. ಆಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಬಂದು, ಇದು ಹಳದಿ ಜ್ವರವಲ್ಲ, ಉಣುಗಿನಿಂದ ಹರಡುವ ಬೇರೆಯೇ ವೈರಸ್ ಎಂದು ಕಂಡುಕೊಂಡ ತಂಡದ ಮುಂಚೂಣಿಯಲ್ಲಿ ಇದ್ದವರು ಟೆಲ್ಫರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರ್ಯಾಪಿಡೊ. ನಮ್ಮೂರಿನ ಜ್ವರಕ್ಕೆ ಗುರುತು ಕೊಟ್ಟವರ ಹೆಸರನ್ನು ನಮ್ಮೂರಿನ ಹುಡುಗಿ ಕಸ ಎಂದು ಗುಡಿಸಿ ಹಾಕಿದ್ದಳು. ಅಪ್ಪಯ್ಯನ ಹೆಸರಿಗೆ ನನ್ನ ಲೇಖನ ಹೋದದ್ದಕ್ಕೆ ಅಷ್ಟು ಗೊಣಗಿದವಳು ನಾನೇ ಅಲ್ಲವೇ.

ಪರೀಕ್ಷಕರು ದೊಡ್ಡ ಮನಸ್ಸಿನವರು. "ತಿದ್ದೋಲೆ ಅಂಟಿಸಿ ಕೊಡಿ" ಎಂದು ಪುಟ ಮಡಚಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಲ್ಲಿಗೆ ಮುಗಿದಿದ್ದರೆ ಈ ಬರಹ ಒಂದು ತಮಾಷೆಯ ಪ್ರಸಂಗವಾಗಿ ಮುಗಿಯುತ್ತಿತ್ತು.

ಯಾರೂ ಕೇಳದೇ ಹೋದದ್ದು ಇನ್ನೊಂದಿದೆ. ಇಂಥ ಅಧ್ಯಯನದಲ್ಲಿ ಒಂದು ಚಿತ್ರ ಕೊಡಲೇಬೇಕು. 2009ರಲ್ಲಿ ಬಂದು 2020ರ ಆವೃತ್ತಿಯಾಗಿ ಪರಿಷ್ಕಾರವಾದ ಪ್ರಿಸ್ಮಾ ಎಂಬ ನಿಯಮಾವಳಿಯ ಚೌಕಗಳ ಚಿತ್ರ ಅದು. ಯಾವ ಡೇಟಾಬೇಸಿನಿಂದ ಎಷ್ಟು ದಾಖಲೆ ಬಂತು, ಡೂಪ್ಲಿಕೇಟ್ ಎಂದು ತೆಗೆದದ್ದೆಷ್ಟು, ಶೀರ್ಷಿಕೆ ನೋಡಿ ಬಿಟ್ಟದ್ದೆಷ್ಟು, ಪೂರ್ತಿ ಓದಿ ಬಿಟ್ಟದ್ದೆಷ್ಟು, ಕೊನೆಗೆ ಉಳಿದದ್ದೆಷ್ಟು. ಇಂಪೋರ್ಟ್ ಮಾಡಿದ ದಿನವೇ ಬರೆದಿಟ್ಟುಕೊಳ್ಳಬೇಕಾದ ಲೆಕ್ಕ. ನಾನು ಬರೆದಿಟ್ಟಿರಲಿಲ್ಲ. ಎಲ್ಲ ಫೈಲನ್ನೂ ಒಂದೇ ಕಲೆಕ್ಷನ್ನಿಗೆ ಸುರಿದು, ಮೂಲ ಫೈಲುಗಳನ್ನು ಜಾಗ ಸಾಲದೆಂದು ಅಳಿಸಿಯೂ ಬಿಟ್ಟಿದ್ದೆ. ಚಿತ್ರ ಬರೆಯುವ ರಾತ್ರಿ ಕೂಡಿ ಕಳೆದರೆ 87 ದಾಖಲೆಗಳಿಗೆ ಲೆಕ್ಕ ಸಿಗಲಿಲ್ಲ. ಕೈತಪ್ಪಿ ಅಳಿಸಿದ್ದೋ, ಎರಡು ಸಲ ಸುರಿದದ್ದೋ, ಮರ್ಜ್ ಮಾಡಿದ್ದೋ ತಿಳಿಯದು. ಡೂಪ್ಲಿಕೇಟಿನ ಚೌಕದಲ್ಲಿದ್ದ ಅಂಕಿಗೆ 87 ಸೇರಿಸಿದೆ. ಎಲ್ಲ ತಾಳೆಯಾಯಿತು. ಸಂತೆಯಲ್ಲಿ ಚಿಲ್ಲರೆ ಹೊಂದಿಸಿದಷ್ಟು ಸಲೀಸಾಗಿ ಮಾಡಿದೆ, ಕೈ ನಡುಗಲಿಲ್ಲ. ಹೆಸರು ಅಳಿಸಿದ್ದು ತಿಳಿಯದೆ ಆದ ತಪ್ಪು. ಇದು ತಿಳಿದೇ ಮಾಡಿದ್ದು.

ಸಾಫ್ಟ್‌ವೇರನ್ನು ಬೈದುಕೊಂಡು ಸ್ವಲ್ಪ ದಿನ ತಳ್ಳಿದೆ. ಅದು ತಂದದ್ದು ನಾನು ಕೇಳಿದ್ದನ್ನು, ಕೂಡಿಸಿದ್ದು ನಾನು ಒತ್ತಿದ್ದನ್ನು. ಕಳೆದ ಮಾಘದಲ್ಲಿ ಊರಿಗೆ ಹೋದಾಗ ಅಪ್ಪಯ್ಯ ಅಂಗಳದಲ್ಲಿ ಪಂಚೆ ಕೊಡವುತ್ತ ನಿಂತಿದ್ದರು. ಉಣುಗು ಹತ್ತದಂತೆ ಹಚ್ಚುವ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಿದ್ದರೂ ಕೊಡವುತ್ತಿದ್ದರು. "ಹಚ್ಕಂಡಿದ್ರಲ್ಲ, ಮತ್ಯಾಕೆ?" ಅಂದೆ. "ಎಣ್ಣೆ ಸರಕಾರದ್ದು, ಮೈ ನಂದಲ್ದನೇ" ಅಂದರು.

ತಿರುಗಿ ಬಂದ ಮೇಲೆ ಗೈಡ್ ಮೇಡಂ ಹತ್ತಿರ 87ರ ವಿಷಯ ಹೇಳಿದೆ. ಲೇಖನವಾಗಿ ಪತ್ರಿಕೆಗೆ ಕಳಿಸಲು ಅವರು ಆ ಚಿತ್ರವನ್ನೇ ತೆರೆದಿಟ್ಟುಕೊಂಡಿದ್ದರು. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮೊದಲಿಂದ ಹುಡುಕು. ತಾರೀಕು ಹಾಕಿಕೋ" ಎಂದಷ್ಟೇ ಹೇಳಿ ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು.

ಈಗ ಹಾಗೇ ಮಾಡುತ್ತಿದ್ದೇನೆ. ಹುಡುಕಿದ ಪದಗಳನ್ನು ಇದ್ದಹಾಗೆ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ, ಪಕ್ಕದಲ್ಲಿ ತಾರೀಕು, ಎಷ್ಟು ಬಂತೆಂಬ ಅಂಕಿ. ಒಂದೊಂದು ಡೇಟಾಬೇಸಿಗೆ ಒಂದೊಂದು ಕಲೆಕ್ಷನ್. ಮೂಲ ಫೈಲನ್ನು ಮುಟ್ಟದೆ ಎತ್ತಿಡುತ್ತೇನೆ. ಝೊಟೆರೊಗೆ ಕೊಡುವ ಮೊದಲು ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯುತ್ತೇನೆ. ಅಲ್ಲಿ ಅಲಂಕಾರವಿಲ್ಲ: ಎರಡರಿಂದ ನಾಲ್ಕಕ್ಷರದ ಗುರುತು, ಒಂದು ಗೆರೆ, ಅದರ ಮುಂದೆ ಮಾಹಿತಿ. ಟಿಐ ಎಂದರೆ ಶೀರ್ಷಿಕೆ, ಎಯು ಎಂದರೆ ಲೇಖಕರು. ಎಲ್ಲವನ್ನೂ ಓದಲಾಗುವುದಿಲ್ಲ, ಕಣ್ಣಾಡಿಸಬಹುದು.

ನಿನ್ನೆ ರಾತ್ರಿ ಹಾಗೆ ಇಳಿಯುತ್ತಿದ್ದಾಗ ಎಯು ಸಾಲಿನ ಮುಂದೆ 'ವರ್ಕ್' ಎಂದಿತ್ತು. ಕರ್ಸರನ್ನು ಅಲ್ಲೇ ನಿಲ್ಲಿಸಿ, ಏನನ್ನೂ ಒತ್ತದೆ, ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಮುಂದಿನ ಸಾಲಿಗೆ ಹೋದೆ. ಪಬ್‌ಮೆಡ್ ಒಂದರದೇ ಇನ್ನೂ ಅರ್ಧ ಬಾಕಿ ಇದೆ. ಗ್ರಂಥಾಲಯದ ಕಪಾಟಿನಲ್ಲಿರುವ ಥೀಸಿಸ್‌ನಲ್ಲಿ ತಿದ್ದೋಲೆ ಹೆಸರೊಂದಕ್ಕೆ ಮಾತ್ರ ಅಂಟಿದೆ. ಚೌಕದ ಅಂಕಿ ಹಾಗೆಯೇ ಕೂತಿದೆ.