ಸೋವಿ ಸಾಮಾನು, ಅವ್ವನ ಪದ

ಆಷಾಢ ಬಂತಂದ್ರ ಸೀರಿ ಅಂಗಡಿ ಮುಂದ ಡಿಸ್ಕೌಂಟ್ ಬೋರ್ಡ್ ಬೀಳೋದು ನಮ್ಮ ಹೆಣ್ಣಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮದುವಿ ಇರಂಗಿಲ್ಲ, ವ್ಯಾಪಾರ ಇರಂಗಿಲ್ಲ, ಅದಕ್ಕ ಬೆಲಿ ಇಳಸ್ತಾರ. ಕಂಪ್ಯೂಟರಿನ ಸಂಗೀತ ಸಾಮಾನಿಗೂ ಹಿಂಗ ಒಂದು ಆಷಾಢ ಐತ್ರಿ. ಅದು ಬರೋದು ನವೆಂಬರ್‌ದಾಗ. ಅಮೆರಿಕದಾಗ ಆ ತಿಂಗಳ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ, ಮರುದಿನ ಬ್ಲ್ಯಾಕ್ ಫ್ರೈಡೆ. ಹಬ್ಬ ಅವರದು, ಆದ್ರ ಡಿಸ್ಕೌಂಟಿನ ಮೇಲ್ ನಮ್ಮ ಮನಿಗೂ ಬರ್ತಾವ.

"ಈಕಿಗ್ಯಾಕ ಬೇಕು ಇದೆಲ್ಲಾ" ಅಂತೀರಿ. ಹೇಳ್ತೀನಿ. ನಮ್ಮವ್ವ ತೀರಿಕೊಳ್ಳೋ ಹಿಂದಿನ ವರ್ಷ ಬೀಸುಕಲ್ಲು ತಿರುವಿಕೋಂತ ಹನ್ನೊಂದು ಪದ ಹಾಡಿದ್ಲು. ನಾನು ಮೊಬೈಲ್‌ನ್ಯಾಗ ಹಿಡಕೊಂಡೆ. ಅದರಾಗ ಅವ್ವನ ದನಿ ಐತಿ, ಜೊತಿಗೆ ಫ್ಯಾನಿನ ಸಪ್ಪಳ, ಕುಕ್ಕರ್ ಸೀಟಿ, ಓಣ್ಯಾಗಿನ ನಾಯಿ, ಎಲ್ಲಾ ಅದಾವ. ಅದನ್ನ ಒಂದೀಟು ಹಸನ ಮಾಡಿ, ಹಿಂದ ಸಣ್ಣಾಗಿ ಪೇಟಿ ಸುರು ಇಟ್ಟು, ತಂಗ್ಯಾರಿಗೆ, ಮೊಮ್ಮಕ್ಕಳಿಗೆ ಕೊಡಬೇಕು ಅನ್ನೋದು ನನ್ನ ಆಸೆ. ಮಗ ತನ್ನ ಹಳೇ ಲ್ಯಾಪ್‌ಟಾಪ್ ಕೊಟ್ಟು ಅದರಾಗ ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿಕೊಟ್ಟ. 60 ದಿನ ಹಂಗ ಬಳಸಿ ನೋಡಬಹುದು, ಆಮ್ಯಾಲೆ ನಮ್ಮಂಥ ಮನಿ ಮಂದಿಗೆ ಲೈಸೆನ್ಸ್ 60 ಡಾಲರ್. ಮನಿ ಖರ್ಚಿನಾಗ ಉಳಿಸಿದ ರೊಕ್ಕದಾಗ ನಾನ ತಗೊಂಡೆ.

ಪ್ಲಗಿನ್ ಅಂದ್ರ ಮಿಕ್ಸರಿಗೆ ಹಾಕೋ ಜಾರ್ ಇದ್ದಂಗ. ಮಿಕ್ಸರ್ ಒಂದ, ಜಾರ್ ಬ್ಯಾರೆ ಬ್ಯಾರೆ. ಒಂದು ಸಪ್ಪಳ ತಗೀತೈತಿ, ಇನ್ನೊಂದು ಗುಡಿಯೊಳಗ ಹಾಡಿದಂಗ ದನಿ ಗುಂಯ್ ಅನಸ್ತೈತಿ. ಸ್ಯಾಂಪಲ್ ಲೈಬ್ರರಿ ಅಂದ್ರ ಉಪ್ಪಿನಕಾಯಿ ಭರಣಿ. ಯಾರೋ ಖರೇ ವಾದ್ಯ ನುಡಿಸಿ, ಒಂದೊಂದು ಸ್ವರ ರೆಕಾರ್ಡ್ ಮಾಡಿ ತುಂಬಿಟ್ಟಿರ್ತಾರ. ನಾವು ಬಟನ್ ಒತ್ತಿದ್ರ ಅದು ನುಡೀತೈತಿ.

ಈಗ ಬೆಲಿ ಮಾತು. 149 ಡಾಲರ್ ಅಂತ ಬರದು, ಅದಕ್ಕ ಗೀಟು ಹೊಡದು, ಬಾಜೂಕ 29 ಅಂತ ಹಾಕಿರ್ತಾರ. ಕೆಳಗ ಒಂದು ಗಡಿಯಾರ ಓಡ್ತಿರ್ತೈತಿ, ಇನ್ನ ನಾಕು ತಾಸು, ಇನ್ನ ಮೂರು ತಾಸು ಅಂತ. ನಾನೇನು ಮಾಡಿದೆ ಅಂದ್ರ, ಹಾಲಿನ ಲೆಕ್ಕ ಬರಿಯೋ ಕ್ಯಾಲೆಂಡರಿನ ಮ್ಯಾಲೆ ಒಂದು ಸಾಮಾನಿನ ಬೆಲಿ ವರ್ಷತನಕ ಬರಕೋಂತ ಬಂದೆ. ಅದು ಐದು ಸಲ 29ಕ್ಕ ಇಳೀತು. ಅಂದಮ್ಯಾಲೆ ಅದರ ಬೆಲಿನ 29. ಗೀಟು ಹೊಡದ ಅಂಕಿ ಬರೇ ನಮ್ಮನ್ನ ಓಡಸಲಿಕ್ಕೆ. ಇದಕ್ಕ ಉಲ್ಟಾ ಇರೋವ್ರೂ ಅದಾರ. ವಲ್ಹಲ್ಲಾ ಅನ್ನೋ ಕಂಪನಿಯವರು 50 ಡಾಲರ್ ಅಂದ್ರ 50 ಡಾಲರ್, ಹಬ್ಬಕ್ಕೂ ಒಂದು ಪೈಸೆ ಬಿಡಂಗಿಲ್ಲ. ಆದ್ರ ಅವರದ ಸೂಪರ್‌ಮ್ಯಾಸಿವ್ ಅನ್ನೋದು ಪುಕ್ಕಟೆ. ದನಿ ಗುಂಯ್ ಅನಸ್ಲಿಕ್ಕೆ ನನಗ ಅದ ಸಾಕಾಗೈತಿ.

ಇನ್ನ 29 ಡಾಲರ್ ಕಟ್ಟೋವಾಗ ಅದು 29ಕ್ಕ ನಿಲ್ಲಂಗಿಲ್ಲ. ಬಾಳ ಅಂಗಡ್ಯಾಗ 18 ಪರ್ಸೆಂಟ್ ಜಿಎಸ್‌ಟಿ ಕೂಡ್ತೈತಿ, ಬ್ಯಾಂಕಿನವರು ಪರದೇಶದ ವ್ಯವಹಾರಕ್ಕ ತಮ್ಮ ಪಾಲು ತಗೋತಾರ. ಕೆಲವು ಲೈಬ್ರರಿ ನುಡೀಬೇಕಂದ್ರ ಕಾಂಟ್ಯಾಕ್ಟ್ ಅನ್ನೋ ಪೂರ್ತಿ ಸಾಫ್ಟ್‌ವೇರ್ ಬೇಕು. ಅದರ ಪುಕ್ಕಟೆ ಪ್ಲೇಯರ್‌ನ್ಯಾಗ ಒಂದೀಟು ಹೊತ್ತು ನುಡದು ಬಂದ್ ಆಗಿಬಿಡ್ತೈತಿ. ಇಪ್ಪತ್ತು ಡಾಲರಿನ ಲೈಬ್ರರಿ, ಅದನ್ನ ತಗಿಯೋ ಸಾಫ್ಟ್‌ವೇರ್ 299 ಡಾಲರ್! ಜಾಗಾದ ಲೆಕ್ಕನೂ ಐತಿ. ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ ಅನ್ನೋ ಲೈಬ್ರರಿಯ ಎಲ್ಲಾಕ್ಕಿಂತ ದೊಡ್ಡ ಆವೃತ್ತಿಗೆ ಸುಮಾರು 600 ಜಿಬಿ ಬೇಕು. ನನ್ನ ಲ್ಯಾಪ್‌ಟಾಪ್ ಡಿಸ್ಕ್ ಅದರ ಅರ್ಧಾನೂ ಇಲ್ಲ.

ಮನಿ ನಡಸೋವ್ರಿಗೆ ತಿಳಿಯೋ ಇನ್ನೊಂದು ಮಾತು. ಬ್ಯಾಡಾದ ಸ್ಟೀಲ್ ಪಾತ್ರಿ ಹಾಕಿ ಹೊಸಾದು ತಗೋಬಹುದು, ಸೀರಿ ತಂಗಿಗೆ ಕೊಡಬಹುದು. ಬಾಳಷ್ಟು ಸ್ಯಾಂಪಲ್ ಲೈಬ್ರರಿ ಹಂಗಲ್ಲ, ಒಬ್ಬರ ಹೆಸರಿಗೆ ತಗೊಂಡ್ರ ಮಾರಲಿಕ್ಕೂ ಬರಂಗಿಲ್ಲ, ಕೊಡಲಿಕ್ಕೂ ಬರಂಗಿಲ್ಲ. ಹಿಂಗಾಗಿ "ಸೋವಿ ಐತಿ, ಇರಲಿ ಬಿಡು" ಅನ್ನೋ ಮಾತು ಇಲ್ಲೆ ನಡಿಯಂಗಿಲ್ಲ.

ಹಂಗಂತ ತಗೋಬ್ಯಾಡ್ರಿ ಅಂತ ಹೇಳಂಗಿಲ್ಲ. ಅವ್ವನ ಸುರು ಕಾಳಿ ನಾಕಕ್ಕೂ ಸಫೇದ್ ಆರಕ್ಕೂ ನಡುವ ಎಲ್ಲೋ ಐತಿ. ನಮ್ಮ ಮನ್ಯಾಗಿನ ಪೇಟಿ ಆ ಜಾಗಾಕ್ಕ ಹೋಗಂಗಿಲ್ಲ, ಅದರ ಮನಿ ಒಂದೊಂದೂ ಕಾಯಂ. ಕಂಪ್ಯೂಟರಿನ ಪೇಟಿ ಮಾತ್ರ ಕೂದಲೆಳಿಯಷ್ಟು ಏರಿಸಿ ಇಳಿಸಿ ಅವ್ವನ ದನಿಗೆ ಕೂಡಿಸಬಹುದು. ಅದನ್ನ ನಾನು ಅರ್ಧ ಬೆಲಿ ಆದಾಗ ತಗೊಂಡೆ, ಆದ್ರ ಪೂರಾ ಬೆಲಿ ಇದ್ದಿದ್ರೂ ತಗೋತಿದ್ದೆ.

ಸಪ್ಪಳ ತಗಿಯೋ ಪ್ಲಗಿನ್ ಹದಿನಾಕು ದಿನ ಪುಕ್ಕಟೆ ನೋಡಲಿಕ್ಕೆ ಕೊಟ್ಟಿದ್ರು. ಫ್ಯಾನ್ ಹೋತು, ಸೀಟಿ ಸಣ್ಣಾತು. ಇನ್ನಷ್ಟು ತಿರುವಿದ್ರ ಬೀಸುಕಲ್ಲಿನ ಗುರ್‌ಗುರ್ ಸಪ್ಪಳಾನೂ ಹೋತು. ಅದರ ಕೂಡ ಅವ್ವ ಸಾಲಿನ ಕಡೀಗೆ ಎಳಿಯೋ ಉಸಿರೂ ಹೋತು. ದನಿ ಹಸನ ಆತು ಖರೆ, ಆದ್ರ ಕಲ್ಲು ಇಲ್ಲದ ಆ ಪದ ಯಾವ ಕೆಲಸಕ್ಕ ಹಾಡಿದ್ದು ಅನ್ನೋದ ತಿಳೀಲಿಲ್ಲ. ಅರ್ಧಕ್ಕ ತಿರುವಿ ಅಲ್ಲೇ ಬಿಟ್ಟೆ. ಅರ್ಧ ಕೆಲಸಕ್ಕ ಕಡಿಮಿ ಬೆಲಿಯ ಸಣ್ಣ ಆವೃತ್ತಿನ ಸಾಕಾತು.

ಮೊದಲನೇ ಪದ ಕೇಳಿ ತಂಗಿ ಫೋನ್ ಮಾಡಿದ್ಲು. "ಯಕ್ಕಾ, ಕಲ್ಲಿನ ಸಪ್ಪಳ ಹಂಗ ಇಟ್ಟೀಯಲ್ಲ, ಚಲೋ ಆತು ನೋಡು" ಅಂದ್ಲು. ಮುಂದ ಇಬ್ಬರಿಗೂ ಮಾತು ಬರಲಿಲ್ಲ.

ಈಗ ನಾಕು ಪದ ಆಗ್ಯಾವ, ಏಳು ಉಳದಾವ. ಈ ನವೆಂಬರ್‌ಕ್ಕ ನನ್ನ ಪಟ್ಟಿ ಒಳಗ ಒಂದೂ ಸಾಮಾನಿಲ್ಲ. ನೀವು ಯಾರರೆ ಹಿಂಗ ಹವ್ಯಾಸಕ್ಕ ಕುಂತಿದ್ರ, ಮೊದಲು ಒಂದು ಹಾಡು ಮುಗಸ್ರಿ. ಮುಗಸೋವಾಗ ಎಲ್ಲಿ ಕೈ ನಿಲ್ತದೋ ಅಲ್ಲಿಗೆ ಏನು ಬೇಕು ಅನ್ನೋದು ಗೊತ್ತಾಗ್ತೈತಿ, ಅದನ್ನ ಚೀಟ್ಯಾಗ ಬರದಿಡ್ರಿ. ಸೇಲ್ ಬಂದಾಗ ಆ ಚೀಟಿ ಹಿಡಕೊಂಡ ಅಂಗಡಿಗೆ ಹೋಗ್ರಿ.