ಶೀಹೂ ಸರೋವರಕ್ಕೆ ಮೊದಲು ಹೋಗುವವರಿಗೆ

ಚೀನಾ ದೇಶದಲ್ಲಿ ಶೀಹೂ ಎಂಬ ಹೆಸರಿನ ಸರೋವರಗಳು ಹಲವು ಇರುವುವು. ಶೀ ಎಂದರೆ ಪಶ್ಚಿಮ, ಹೂ ಎಂದರೆ ಸರೋವರ. ಊರಿನ ಪಡುವಣ ದಿಕ್ಕಿನಲ್ಲಿ ನೀರು ನಿಂತಿದ್ದರೆ ಅದಕ್ಕೆ ಆ ಹೆಸರು ಸಲ್ಲುವುದು. ಆದರೆ ಬೇರೆ ವಿಶೇಷಣವೊಂದೂ ಇಲ್ಲದೆ ಶೀಹೂ ಎಂದು ನುಡಿದರೆ ಚೀನೀಯರ ಮನಸ್ಸಿಗೆ ಬರುವುದು ಒಂದೇ: ಝೆಜಿಯಾಂಗ್ ಪ್ರಾಂತದ ರಾಜಧಾನಿಯಾದ ಹಾಂಗ್‌ಝೌ ನಗರದ ಸರೋವರ. ೨೦೧೧ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ವಿಶ್ವಪರಂಪರೆಯ ತಾಣಗಳ ಸಾಲಿಗೆ ಸೇರಿಸಿತು. ೨೦೨೩ರಲ್ಲಿ ಏಷ್ಯಾ ಕ್ರೀಡಾಕೂಟವು ಈ ಊರಿನಲ್ಲಿ ನೆರೆದಾಗ ಕೊಡಗಿನ ರೋಹನ್ ಬೋಪಣ್ಣನವರು ಟೆನ್ನಿಸಿನ ಮಿಶ್ರ ಜೋಡಿಯಲ್ಲಿ ಚಿನ್ನದ ಪದಕ ಪಡೆದುದನ್ನು ವಾಚಕರು ಬಲ್ಲರು. ಹಾಂಗ್‌ಝೌ ಎಂಬ ಹೆಸರು ನಮ್ಮವರಲ್ಲಿ ಅನೇಕರ ಕಿವಿಗೆ ಬಿದ್ದುದು ಆಗಲೇ.

ನಾವು ಆ ಊರಿನಲ್ಲಿ ಐದು ದಿವಸ ತಂಗಿದ್ದೆವು. ನಮ್ಮೊಡನೆ ಎಪ್ಪತ್ತು ದಾಟಿದ ನಮ್ಮ ತಾಯಿಯವರೂ ಇದ್ದರು. ಅವರು ಈರುಳ್ಳಿ ಬೆಳ್ಳುಳ್ಳಿಯನ್ನು ಸಹ ಮುಟ್ಟುವವರಲ್ಲ, ಮಂಡಿನೋವು ಬೇರೆ. ಆದುದರಿಂದ ಇಲ್ಲಿ ಬರೆಯುವ ಮಾತುಗಳು ಬೆನ್ನುಚೀಲ ಹೊತ್ತು ಎಲ್ಲಿ ಬೇಕಾದರಲ್ಲಿ ಮಲಗುವ ತರುಣರಿಗಿಂತ, ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೊರಡುವ ಗೃಹಸ್ಥರಿಗೆ ಹೆಚ್ಚು ಉಪಯೋಗವಾದೀತು.

ಮೊದಲು ಅಪ್ಪಣೆಯ ವಿಷಯ. ಹಲವು ದೇಶಗಳ ಪ್ರಜೆಗಳು ಬೇರೊಂದು ದೇಶಕ್ಕೆ ಹೋಗುವ ದಾರಿಯಲ್ಲಿ ವೀಸಾ ಇಲ್ಲದೆಯೇ ಹತ್ತು ದಿನಗಳವರೆಗೆ ಚೀನಾದಲ್ಲಿ ಇರಬಹುದೆಂಬ ನಿಯಮವುಂಟು. ಆ ಪಟ್ಟಿಯಲ್ಲಿ ಭಾರತವಿಲ್ಲ. ಪರದೇಶದ ಮಿತ್ರರು “ವೀಸಾ ಬೇಕಿಲ್ಲ” ಎಂದು ಹೇಳಿದ ಮಾತನ್ನು ನಂಬಿ ನಮ್ಮವರು ವಿಮಾನ ಹತ್ತಬಾರದು. ಇಲ್ಲಿಂದಲೇ ವೀಸಾ ಮಾಡಿಸಿಕೊಂಡು ಹೊರಡತಕ್ಕದ್ದು. ಎರಡು ದೇಶಗಳ ನಡುವೆ ಐದು ವರ್ಷ ನಿಂತುಹೋಗಿದ್ದ ನೇರ ವಿಮಾನ ಸಂಚಾರವು ೨೦೨೫ರ ಅಕ್ಟೋಬರಿನಿಂದ ಮರಳಿ ಮೊದಲಾಗಿರುವುದರಿಂದ ಪ್ರಯಾಣವು ಮೊದಲಿನಷ್ಟು ಸುತ್ತಲ್ಲ. ವಸತಿಗೃಹದಲ್ಲಿ ಇಳಿದವರ ಹೆಸರನ್ನು ಅಲ್ಲಿಯವರೇ ಪೋಲೀಸರಿಗೆ ತಿಳಿಸುವರು. ಸ್ನೇಹಿತರ ಅಥವಾ ಬಂಧುಗಳ ಮನೆಯಲ್ಲಿ ಇಳಿದರೆ ಇಪ್ಪತ್ತನಾಲ್ಕು ಗಂಟೆಗಳೊಳಗಾಗಿ ನಾವೇ ಠಾಣೆಗೆ ಹೋಗಿ ಬರೆಯಿಸಬೇಕು.

ಶಾಂಘಾಯಿಯಿಂದ ಹಾಂಗ್‌ಝೌ ಸುಮಾರು ೧೮೦ ಕಿಲೋಮೀಟರು ದೂರ; ವೇಗದ ರೈಲುಗಾಡಿಯಲ್ಲಿ ಒಂದು ಗಂಟೆಯ ಆಚೀಚೆ. ಕಾಗದದ ಟಿಕೇಟಿನ ಕಾಲ ಅಲ್ಲಿ ಮುಗಿದಿದೆ. ಪಾಸ್‌ಪೋರ್ಟಿನ ಮೇಲೆಯೇ ಟಿಕೇಟು ನೊಂದಣಿಯಾಗಿರುವುದರಿಂದ ಮೂಲ ಪುಸ್ತಕವನ್ನು ಪೆಟ್ಟಿಗೆಯ ತಳದಲ್ಲಿ ಹುಗಿದಿಡದೆ ಕೈಚೀಲದಲ್ಲಿ ಇಟ್ಟುಕೊಂಡಿರಬೇಕು. ಇನ್ನೊಂದು ಎಚ್ಚರಿಕೆ. ಹಾಂಗ್‌ಝೌ ಪಶ್ಚಿಮ ಎಂಬ ದೊಡ್ಡ ರೈಲು ನಿಲ್ದಾಣವೊಂದು ೨೦೨೨ರಲ್ಲಿ ತೆರೆಯಲ್ಪಟ್ಟಿದೆ. ಹೆಸರನ್ನು ನೋಡಿ ಅದು ಪಶ್ಚಿಮ ಸರೋವರದ ಬಳಿಯದೆಂದು ಯಾರೂ ಭಾವಿಸಬಾರದು. ಅದು ಊರಿನ ಹೊರವಲಯದಲ್ಲಿ ಬಹುದೂರ ಇದೆ. ಹಾಂಗ್‌ಝೌ ಪೂರ್ವ ನಿಲ್ದಾಣದಲ್ಲಿ ಇಳಿದು, ನೆಲದೊಳಗಿನ ರೈಲಿನ ಒಂದನೆಯ ಮಾರ್ಗವನ್ನು ಹಿಡಿದು ಲುಂಗ್‌ಶಿಯಾಂಗ್‌ಚಿಯಾವೋ ಎಂಬಲ್ಲಿ ಮೇಲೆ ಬಂದರೆ ನೀರಿನ ದಂಡೆ ಕೆಲವು ನಿಮಿಷಗಳ ನಡಿಗೆ.

ಹಣದ ಸಂಗತಿ ನಮ್ಮವರಿಗೆ ಹೊಸತೆನಿಸದು. ನಮ್ಮ ಊರಿನ ಸೊಪ್ಪಿನವಳಂತೆಯೇ ಅಲ್ಲಿಯ ಹಣ್ಣಿನವಳೂ ದೂರವಾಣಿಯ ಚಿತ್ರಸಂಕೇತವನ್ನು ಮುಂದೆ ಹಿಡಿಯುವಳು. ಆದರೆ ನಮ್ಮ ದೇಶದ ಪಾವತಿಯ ಏರ್ಪಾಡು ಅಲ್ಲಿ ನಡೆಯದು. ಅಲಿಪೇ ಅಥವಾ ವೀಚಾಟ್ ಎಂಬ ಅಲ್ಲಿಯ ಏರ್ಪಾಡಿಗೆ ನಮ್ಮ ಅಂತರರಾಷ್ಟ್ರೀಯ ಕಾರ್ಡನ್ನು ಊರು ಬಿಡುವ ಮೊದಲೇ ಜೋಡಿಸಿ, ಪರದೇಶದಲ್ಲಿ ಖರ್ಚುಮಾಡಲು ಬ್ಯಾಂಕಿನ ಅನುಮತಿಯನ್ನೂ ಪಡೆದಿರಬೇಕು. ಒಂದಿಷ್ಟು ಯುಆನ್ ನೋಟುಗಳು ಕೈಯಲ್ಲಿದ್ದರೆ ಒಳಿತು. ಒಂದು ಯುಆನಿನ ನೋಟಿನ ಹಿಂಬದಿಯಲ್ಲಿ ಅಚ್ಚಾಗಿರುವುದು ಇದೇ ಸರೋವರದ ದೃಶ್ಯ.

ಗೂಗಲ್, ವಾಟ್ಸಾಪ್ ಇವೆರಡೂ ಅಲ್ಲಿಯ ಸಾಮಾನ್ಯ ಸಂಪರ್ಕದಲ್ಲಿ ತೆರೆಯವು. ನಮ್ಮ ಊರಿನ ದೂರವಾಣಿ ಕಂಪನಿಯಿಂದ ಹೊರದೇಶದ ಸಂಪರ್ಕದ ಸೌಲಭ್ಯ ಪಡೆದು ಹೋದರೆ ಸಾಮಾನ್ಯವಾಗಿ ತೊಂದರೆಯಿರದು. ಏನೇ ಇರಲಿ, ಯಂತ್ರವನ್ನೊಂದನ್ನೇ ನಂಬಿ ಕೂಡಬಾರದು. ವಸತಿಗೃಹದ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಚೀನೀ ಲಿಪಿಯಲ್ಲಿ ಬರೆಯಿಸಿ, ಮನೆಯ ಪ್ರತಿಯೊಬ್ಬರ ಕಿಸೆಯಲ್ಲಿಯೂ ಒಂದೊಂದು ಚೀಟಿ ಇರಿಸಬೇಕು. ನಾವು ಹಾಗೆಯೇ ಮಾಡಿದ್ದೆವು. ಮೂರನೆಯ ದಿನ ಸಂಜೆ ತುಂಡುಸೇತುವೆಯೆಂದು ಪ್ರಸಿದ್ಧವಾದ ದುವಾನ್‌ಚಿಯಾವೋ ಸೇತುವೆಯ ಮೇಲೆ ಜನಪ್ರವಾಹ ಎರಡು ಕಡೆಯಿಂದಲೂ ಒತ್ತಿ ಬಂದು ನಮ್ಮ ತಾಯಿಯವರು ನಮ್ಮಿಂದ ಬೇರ್ಪಟ್ಟರು. ಅವರಿಗೆ ಕನ್ನಡವಲ್ಲದೆ ಬೇರೆ ಭಾಷೆ ಬಾರದು. ನಲವತ್ತು ನಿಮಿಷ ನಾವು ಪಟ್ಟ ತಳಮಳವನ್ನು ಬರೆಯುವುದು ಬೇಡ. ಅವರು ಮಾತ್ರ ಸೇತುವೆಯ ಬುಡದಲ್ಲಿ ನಿಂತಿದ್ದ ತರುಣ ಪೋಲೀಸಿನವನಿಗೆ ಚೀಟಿಯನ್ನು ತೋರಿಸಿ, ಅವನು ಕೊಟ್ಟ ಕುರ್ಚಿಯಲ್ಲಿ ಕುಳಿತು, ಅವನು ತಂದಿತ್ತ ಬಿಸಿನೀರು ಕುಡಿಯುತ್ತಿದ್ದರು. ವಸತಿಗೃಹದವರು ನಮಗೆ ಸುದ್ದಿ ಕಳುಹಿದರು. ಪೋಲೀಸರ ಸಂಖ್ಯೆ ೧೧೦, ರೋಗಿಗಳ ವಾಹನಕ್ಕೆ ೧೨೦. ಇವನ್ನೂ ಅದೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು.

ಆ ಜನಸಂದಣಿಯನ್ನು ತಪ್ಪಿಸಬೇಕಾದರೆ ಕಾಲವನ್ನು ನೋಡಿಕೊಂಡು ಹೋಗಬೇಕು. ಮೇ ತಿಂಗಳ ಮೊದಲ ದಿನಗಳೂ, ಅಕ್ಟೋಬರಿನ ಮೊದಲ ವಾರವೂ ಚೀನೀಯರಿಗೆ ರಾಷ್ಟ್ರೀಯ ರಜೆ. ಆಗ ದೇಶವೇ ದಂಡೆಯ ಮೇಲೆ ನಿಂತಂತೆ ತೋರುವುದು. ಜೂನಿನಲ್ಲಿ ಬಿಡದ ಸೋನೆಮಳೆ. ಜುಲೈ ಆಗಸ್ಟುಗಳಲ್ಲಿ ತಾವರೆ ಅರಳುವುದು ನಿಜ, ಆದರೆ ಸೆಕೆ ನಮ್ಮ ರಾಯಚೂರಿನವರಿಗೂ ಬೇಸರ ತರಿಸುವಂಥದು. ಮಾರ್ಚಿಯ ಕೊನೆಯಿಂದ ಏಪ್ರಿಲಿನ ನಡುವಿನವರೆಗೆ ಪೀಚ್ ಹೂವಿನ ಕಾಲ. ಸೆಪ್ಟೆಂಬರಿನ ಕೊನೆಯ ಹೊತ್ತಿಗೆ ಗ್ವೇಹ್ವಾ ಎಂಬ ಸಣ್ಣ ಹಳದಿ ಹೂವಿನ ಪರಿಮಳ ಬೀದಿಬೀದಿಯಲ್ಲಿ ತುಂಬುವುದು. ಯಾವ ಋತುವಾದರೂ ಬೆಳಗಿನ ಆರು ಗಂಟೆಗೆ ದಂಡೆಯಲ್ಲಿರುವುದು ಲೇಸು. ಸರೋವರದ ಸುತ್ತಣ ಉದ್ಯಾನಗಳಿಗೆ ೨೦೦೨ರಿಂದೀಚೆಗೆ ಪ್ರವೇಶದ ಶುಲ್ಕವಿಲ್ಲ.

ಈ ನೀರು ತಾನಾಗಿ ಉಳಿದುದಲ್ಲ. ಒಂದು ಕಾಲದಲ್ಲಿ ಇದು ಚಿಯಾನ್‌ಟಾಂಗ್ ನದಿಯ ಮುಖದಲ್ಲಿದ್ದ ಕೊಲ್ಲಿ. ಹೂಳು ಅಡ್ಡಬಿದ್ದು ಸರೋವರವಾಯಿತು. ಸಮುದ್ರ ಸಮೀಪದಲ್ಲಿದ್ದುದರಿಂದ ಊರಿನ ಬಾವಿಗಳ ನೀರು ಉಪ್ಪು; ಕುಡಿಯುವುದಕ್ಕೂ ಗದ್ದೆಗೂ ಸರೋವರವೇ ಗತಿ. ೮೨೨ರಿಂದ ೮೨೪ರವರೆಗೆ ಇಲ್ಲಿ ಅಧಿಕಾರಿಯಾಗಿದ್ದ ಕವಿ ಬಾಯ್ ಜೂಯಿ ಕಟ್ಟೆಯನ್ನು ಬಲಪಡಿಸಿದನು. ೧೦೮೯ರಲ್ಲಿ ಇನ್ನೊಬ್ಬ ಕವಿ ಸೂ ದುಂಗ್‌ಪೋ ಅಧಿಕಾರಿಯಾಗಿ ಬಂದಾಗ ಅರ್ಧ ಸರೋವರ ಕಳೆಯಿಂದ ಮುಚ್ಚಿತ್ತು. ಅವನು ಮರುವರ್ಷ ಹೂಳೆತ್ತಿಸಿ, ಆ ಕೆಸರನ್ನು ಎಲ್ಲಿ ಹಾಕುವುದೆಂಬ ಪ್ರಶ್ನೆಗೆ ಉತ್ತರವಾಗಿ ನೀರಿನ ನಡುವೆ ದಕ್ಷಿಣೋತ್ತರವಾಗಿ ಒಂದು ಏರಿಯನ್ನೇ ಹಾಕಿಸಿದನು. ಮತ್ತೆ ಕಳೆ ಬೆಳೆಯದಂತೆ, ಇಲ್ಲಿಂದೊಳಗೆ ನೀರಿನ ಬೆಳೆ ಇಡಕೂಡದೆಂದು ಗುರುತಿಗಾಗಿ ಮೂರು ಕಲ್ಲುಗೋಪುರಗಳನ್ನು ನಿಲ್ಲಿಸಿದನು. ನೋಟಿನ ಮೇಲೆ ಕಾಣುವುದು ಅವುಗಳ ವಂಶದ ಗೋಪುರಗಳೇ. ಈಗಿನವು ಮಿಂಗ್ ಅರಸರ ಕಾಲದವು. ಶರತ್ಕಾಲದ ಹುಣ್ಣಿಮೆಯಂದು ಅವುಗಳ ದುಂಡು ರಂಧ್ರಗಳೊಳಗೆ ದೀಪವಿಡುವರು. ಕೆರೆಯ ಹೂಳನ್ನೂ ಒತ್ತುವರಿಯನ್ನೂ ಕಂಡು ನೊಂದಿರುವ ನಮ್ಮವರಿಗೆ ಈ ಗೋಪುರಗಳು ಚೆಲುವಿಗಿಂತ ಬೇರೆ ಕಾರಣಕ್ಕಾಗಿಯೂ ನೋಡತಕ್ಕವು ಎಂದು ನಮಗೆ ತೋರಿತು.

ಸೂ ಏರಿಯ ಉದ್ದ ೨.೮ ಕಿಲೋಮೀಟರು, ಮೇಲೆ ಆರು ಕಮಾನು ಸೇತುವೆಗಳು. ಪೂರ್ತಿ ನಡೆಯಲಾರದವರಿಗೆ ದಂಡೆಯ ಸುತ್ತ ವಿದ್ಯುತ್ತಿನ ತೆರೆದ ಬಂಡಿಗಳು ಹಣ ತೆಗೆದುಕೊಂಡು ಒಯ್ಯುವುವು. ದೋಣಿಗಳಲ್ಲಿ ಎರಡು ಬಗೆ: ಅಂಬಿಗನು ಹುಟ್ಟುಹಾಕುವ ಸಣ್ಣವು, ಛಾವಣಿಯುಳ್ಳ ದೊಡ್ಡವು. ಮೂರು ಗೋಪುರಗಳಿರುವ ದ್ವೀಪದಲ್ಲಿ ಇಳಿಯಬೇಕೆಂದಿರುವವರು ಈ ದೋಣಿ ಅಲ್ಲಿ ಇಳಿಸುವುದೋ ಇಲ್ಲವೋ ಎಂಬುದನ್ನು ಹತ್ತುವ ಮೊದಲೇ ಕೇಳಬೇಕು. ಎಲ್ಲವೂ ಇಳಿಸುವುದಿಲ್ಲ.

ದಕ್ಷಿಣ ದಂಡೆಯ ಲೇಫೆಂಗ್ ಗೋಪುರವನ್ನು ಕುರಿತು ಹೆಚ್ಚು ಬರೆಯಬೇಕಾದುದಿಲ್ಲ. ಹತ್ತನೆಯ ಶತಮಾನದ ಮೂಲ ಗೋಪುರ, ಅದರ ಇಟ್ಟಿಗೆಯಲ್ಲಿ ಮಂಗಳಶಕ್ತಿಯಿದೆಯೆಂದು ಜನರು ಕಿತ್ತು ಕಿತ್ತು ಒಯ್ದುದರಿಂದ ಬಲಗುಂದಿ ೧೯೨೪ರ ಸೆಪ್ಟೆಂಬರಿನಲ್ಲಿ ಕುಸಿಯಿತು. ಈಗಿನದು ೨೦೦೨ರ ಕಟ್ಟಡ. ಕೆಳಗೆ ಹಳೆಯ ಅವಶೇಷ, ಮೇಲೆ ಹೋಗಲು ಲಿಫ್ಟು. ಮಂಡಿನೋವಿನವರು ಸರೋವರವನ್ನು ಎತ್ತರದಿಂದ ಕಾಣಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ನಮ್ಮವರು ತಪ್ಪದೆ ನೋಡಬೇಕಾದುದು ಲಿಂಗ್‌ಯಿನ್ ದೇವಾಲಯ. ನಾಲ್ಕನೆಯ ಶತಮಾನದಲ್ಲಿ ಭಾರತದಿಂದ ಬಂದ ಭಿಕ್ಷುವೊಬ್ಬನು ಇದನ್ನು ಸ್ಥಾಪಿಸಿದನೆಂದು ಪ್ರತೀತಿ. ಚೀನೀಯರು ಅವನನ್ನು ಹ್ವೇಲೀ ಎನ್ನುವರು. ಎದುರಿನ ಗುಡ್ಡವನ್ನು ಕಂಡು ಅವನು, ಇದು ಮಗಧದ ಗೃಧ್ರಕೂಟದ ತುಣುಕು, ಇಲ್ಲಿಗೆ ಯಾವಾಗ ಹಾರಿಬಂದಿತು ಎಂದನಂತೆ. ಅಂದಿನಿಂದ ಅದರ ಹೆಸರು ಫೇಲಾಯ್‌ಫೆಂಗ್, ಹಾರಿಬಂದ ಶಿಖರ. ಸುತ್ತಣ ಬೆಟ್ಟಗಳೆಲ್ಲ ಮರಳುಗಲ್ಲಾಗಿದ್ದು ಇದೊಂದು ಸುಣ್ಣಕಲ್ಲಾಗಿರುವುದು ಕಥೆಗೆ ಕಾಲೂರಲು ಜಾಗ ಕೊಟ್ಟಿರಬೇಕು. ಹತ್ತರಿಂದ ಹದಿನಾಲ್ಕನೆಯ ಶತಮಾನದವರೆಗೆ ಕೆತ್ತಿದ ಮುನ್ನೂರಕ್ಕೂ ಹೆಚ್ಚು ಬೌದ್ಧಮೂರ್ತಿಗಳು ಬಂಡೆಯಲ್ಲಿವೆ. ಅವುಗಳಲ್ಲಿ ಡೊಳ್ಳುಹೊಟ್ಟೆಯ ನಗುವ ಮೈತ್ರೇಯನ ಮುಂದೆ ಜನ ಹೆಚ್ಚು. ಕರ್ಪೂರವೃಕ್ಷದ ಮರದಲ್ಲಿ ೧೯೫೬ರಲ್ಲಿ ಮಾಡಿದ ದೊಡ್ಡ ಶಾಕ್ಯಮುನಿಯ ವಿಗ್ರಹವು ಮುಖ್ಯ ಮಂದಿರದಲ್ಲಿದೆ. ಹೊರಗಿನ ಅಂಗಡಿಗಳಲ್ಲಿ ಊದುಬತ್ತಿ ಕೊಳ್ಳಬೇಕಾದುದಿಲ್ಲ. ದೇವಾಲಯದವರೇ ಮೂರು ಕಡ್ಡಿ ಕೊಡುವರು. ಹೋಗುವವರು ವಸತಿಗೃಹದವರ ನೆರವಿನಿಂದ ಪಾಸ್‌ಪೋರ್ಟಿನ ಸಂಖ್ಯೆ ಕೊಟ್ಟು ಮೊದಲೇ ಕಾಯ್ದಿರಿಸುವುದು ಕ್ಷೇಮ.

ಊಟದ ಚಿಂತೆಗೆ ಉತ್ತರ ಸಿಕ್ಕಿದುದೂ ಅಲ್ಲಿಯೇ. ಚೀನೀ ಬೌದ್ಧ ಭಿಕ್ಷುಗಳು ಮಾಂಸವನ್ನಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಗಳನ್ನೂ ವರ್ಜಿಸುವರು. ಅವರ ಅಡುಗೆಗೆ ಸೂ ಎಂದು ಹೆಸರು. ದೇವಾಲಯದ ಭೋಜನಶಾಲೆಯಲ್ಲಿ ನಮ್ಮ ತಾಯಿಯವರು ಅಣಬೆಯ ಸಾರು, ಸೋಯಾ ಗಿಣ್ಣು, ಅನ್ನ ಇವನ್ನು ನಿಶ್ಚಿಂತೆಯಿಂದ ಉಂಡರು. ಊರಿನ ಸಾಮಾನ್ಯ ಹೋಟೆಲುಗಳ ಮಾತು ಬೇರೆ. ಒಂದು ಕಡೆ ಚಿತ್ರವನ್ನು ನೋಡಿ ತರಿಸಿದ ಹುರುಳಿಕಾಯಿ ಪಲ್ಯದಲ್ಲಿ ಹಂದಿಯ ಕೊಚ್ಚಿದ ಮಾಂಸ ಉದುರಿಸಿದ್ದಿತು. ಮಾಂಸ ಹಾಕಬೇಡಿ ಎಂದರೆ ಸಾಲದು. ಕೊಬ್ಬು, ಮೂಳೆಯ ಸಾರು, ಮೀನು, ಮೊಟ್ಟೆ ಯಾವುದೂ ಕೂಡದೆಂದು ಚೀನೀ ಲಿಪಿಯಲ್ಲಿ ಬರೆಯಿಸಿ ತೋರಿಸಬೇಕು. ಅವಲಕ್ಕಿ, ಚಟ್ನಿಪುಡಿಗಳನ್ನು ಕೊಂಡೊಯ್ಯಲು ನಾಚಬೇಕಾದುದಿಲ್ಲ. ಕುದಿಸಿದ ನೀರು ನಿಲ್ದಾಣ, ರೈಲು, ವಸತಿಗೃಹಗಳಲ್ಲೆಲ್ಲ ದೊರೆಯುವುದು. ನಲ್ಲಿಯ ನೀರನ್ನು ಮಾತ್ರ ಕುಡಿಯಬಾರದು. ಶೌಚಾಲಯಗಳು ಬೇಕಾದಷ್ಟಿವೆ, ಚೊಕ್ಕಟವಾಗಿಯೂ ಇವೆ. ಕಾಗದ ನಮ್ಮದೇ ಇರಬೇಕು.

ಕೊನೆಗೆ ಚಹ. ಸರೋವರದ ಪಡುವಣ ಗುಡ್ಡಗಳಲ್ಲಿ ಬೆಳೆಯುವ ಲುಂಗ್‌ಜಿಂಗ್ ಚಹವು ಚೀನಾದಲ್ಲಿಯೇ ಅಗ್ರಗಣ್ಯವಾದುದರಿಂದ ನಕಲಿಯೂ ಅಷ್ಟೇ ಹೆಚ್ಚು. ಏಪ್ರಿಲಿನ ೪ ಅಥವಾ ೫ರಂದು ಬೀಳುವ ಚಿಂಗ್‌ಮಿಂಗ್ ಹಬ್ಬಕ್ಕೆ ಮೊದಲು ಕೊಯ್ದ ಎಳೆಯ ಚಿಗುರಿಗೆ ಬೆಲೆ ಎಲ್ಲಕ್ಕಿಂತ ಮೇಲು. ಬೀದಿಯಲ್ಲಿ ನಗುನಗುತ್ತ ಮಾತನಾಡಿಸಿ ಚಹ ಕುಡಿಯಲು ಕರೆಯುವ ಅಪರಿಚಿತರ ಹಿಂದೆ ಹೋಗಕೂಡದು. ಲೆಕ್ಕದ ಚೀಟಿ ಬಂದಾಗ ಆ ನಗು ಇರುವುದಿಲ್ಲ. ಮೊದಲು ತೋಟಗಳ ನಡುವಿನ ರಾಷ್ಟ್ರೀಯ ಚಹ ವಸ್ತುಸಂಗ್ರಹಾಲಯವನ್ನು ಹಣವಿಲ್ಲದೆ ನೋಡಿ, ಎಲೆಯ ಗುಣವನ್ನು ತಿಳಿದುಕೊಂಡು ಆಮೇಲೆ ಅಂಗಡಿಗೆ ಹೋಗುವುದು ಜಾಣತನ. ಅಲ್ಲಿಯ ಬೆಲೆಗಳು ಕಿಲೋ ಲೆಕ್ಕದವಲ್ಲ, ಜಿನ್ ಲೆಕ್ಕದವು. ಒಂದು ಜಿನ್ ಎಂದರೆ ೫೦೦ ಗ್ರಾಂ. ಐವತ್ತು ಗ್ರಾಮಿಗೆ ಲಿಯಾಂಗ್ ಎನ್ನುವರು. ಮೊದಲ ಸಲ ಒಂದು ಲಿಯಾಂಗಿಗಿಂತ ಹೆಚ್ಚು ಕೊಳ್ಳಬೇಕಾದುದಿಲ್ಲ. ಮನೆಗೆ ತಂದ ಮೇಲೆ ಗಾಳಿ ಬೆಳಕು ತಾಕದ ಡಬ್ಬಿಯಲ್ಲಿಟ್ಟು, ಕುದಿದಿಳಿಸಿ ಸ್ವಲ್ಪ ಆರಿದ ನೀರನ್ನು ಗಾಜಿನ ಲೋಟದ ಎಲೆಗಳ ಮೇಲೆ ಹೊಯ್ದು ಕುಡಿಯತಕ್ಕದ್ದು. ಅದೇ ಎಲೆಗೆ ಎರಡು ಮೂರು ಸಲ ನೀರು ಹೊಯ್ಯಬಹುದು. ಹಾಲು ಸಕ್ಕರೆ ಹಾಕಿ ಕಾಯಿಸಿದರೆ ಹುಲ್ಲಿನ ಕಷಾಯವಾಗುವುದೆಂದು ನಮ್ಮ ನೆರೆಮನೆಯವರು ಈಗಾಗಲೇ ಪರೀಕ್ಷಿಸಿ ನೋಡಿದ್ದಾರೆ.